ಟ್ಯೂಬಿನ ಹಿಂಬದಿ ಓದಿ, ಆಮೇಲೆ ದುಡ್ಡು ಕೊಡಿ

ಜೂನ್ ಬಂತೆಂದರೆ ಹೊಸ ಮಕ್ಕಳು ಬರುತ್ತಾರೆ, ಜೊತೆಗೆ ಅವರ ಅಪ್ಪ ಅಮ್ಮ. ಎಲ್ಲರೂ ಕೇಳುವುದು ಒಂದೇ ಮಾತು: "ಸರ, ಹನ್ನೆರಡರ ಡಬ್ಬಿ ಸಾಕೇನ್ರಿ, ಇಲ್ಲಾ ಇಪ್ಪತ್ನಾಲ್ಕರದ ತಗೊಳ್ಳೂಣೇನ್ರಿ?" ಧಾರವಾಡದಲ್ಲಿ ಜಲವರ್ಣ ಕಲಿಸುವ ನಾನು ಎರಡೂ ಬೇಡ ಅನ್ನುತ್ತೇನೆ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಆರು ಒಳ್ಳೆಯ ಟ್ಯೂಬ್ ತಗೊಳ್ಳಿ. ಬಿಡಿಬಿಡಿಯಾಗಿ ತಗೊಳ್ಳಿ, ಒಂದೊಂದರ ಹಿಂಬದಿಯನ್ನೂ ಓದಿ ತಗೊಳ್ಳಿ.

ಟ್ಯೂಬಿನೊಳಗೆ ಮುಖ್ಯವಾಗಿ ಇರುವುದು ಬಣ್ಣದ ಪುಡಿ, ಅಂದರೆ ಪಿಗ್ಮೆಂಟ್. ಅದನ್ನು ಕಾಗದಕ್ಕೆ ಹಿಡಿದಿಡಲು ಗೋಂದು. ತೀರಾ ಒಣಗಿ ಬಿರುಕು ಬಿಡದಿರಲಿ ಅಂತ ಗ್ಲಿಸರಿನ್ ಅಥವಾ ಜೇನು. ಗೋಂದು ಎಂದರೆ ಗಮ್ ಅರೇಬಿಕ್, ಆಫ್ರಿಕಾದಲ್ಲಿ ಬೆಳೆಯುವ ಜಾಲಿ ಜಾತಿಯ ಮರದ ಅಂಟು. ಅಗ್ಗದ ಟ್ಯೂಬಿನಲ್ಲಿ ಪಿಗ್ಮೆಂಟ್ ಕಡಿಮೆ, ಗಾತ್ರ ತುಂಬಿಸುವ ಬಿಳಿ ಪುಡಿ ಜಾಸ್ತಿ. ಹಾಗಾಗಿ ಎರಡು ಬಣ್ಣ ಬೆರೆಸಿದರೆ ಸುಣ್ಣ ಕಲಸಿದ ಹಾಗೆ ಮಂಕಾಗುತ್ತದೆ. ಮಗುವಿನ ಕೈ ಸರಿಯಿಲ್ಲ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪು ಕೈಯದಲ್ಲ, ಬಣ್ಣದ್ದು.

ಕಂಪನಿಗಳೇ ಎರಡು ದರ್ಜೆ ಮಾಡಿ ಮಾರುತ್ತವೆ. ಕ್ಯಾಮೆಲ್‌ನಲ್ಲಿ ಸ್ಟೂಡೆಂಟ್ ಬೇರೆ, ಆರ್ಟಿಸ್ಟ್ ಬೇರೆ. ವಿನ್ಸರ್ ಅಂಡ್ ನ್ಯೂಟನ್‌ನಲ್ಲಿ ಕಾಟ್‌ಮನ್ ಅನ್ನುವುದು ಕಲಿಯುವವರಿಗೆ, ಪ್ರೊಫೆಷನಲ್ ಅನ್ನುವುದು ಮೇಲಿನದು. ಶಾಲೆಯ ಪುಟ್ಟ ಮಕ್ಕಳಿಗೆ ಸ್ಟೂಡೆಂಟ್ ದರ್ಜೆ ಧಾರಾಳ ಸಾಕು. ಚಿತ್ರಕಲೆಯ ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವವರು, ಮನೆಯಲ್ಲಿ ಚೌಕಟ್ಟು ಹಾಕಿಸಿ ಇಡಬೇಕು ಅನ್ನುವವರು ಮೇಲಿನ ದರ್ಜೆಗೆ ಹೋಗಲಿ. ಒಂದೇ ಸಲ ಎಲ್ಲ ಕೊಳ್ಳಲು ಆಗದಿದ್ದರೆ ತಿಂಗಳಿಗೊಂದು ಟ್ಯೂಬ್ ತಗೊಂಡರೂ ಸರಿಯೇ.

ಈಗ ಹಿಂಬದಿಯ ವಿಚಾರ. ಆರ್ಟಿಸ್ಟ್ ದರ್ಜೆಯ ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಂಕೇತ ಇರುತ್ತದೆ. ಪಿಬಿ 29, ಪಿವೈ 42, ಪಿಆರ್ 101 ಹೀಗೆ. ಪಿ ಅಂದರೆ ಪಿಗ್ಮೆಂಟ್, ಮುಂದಿನ ಅಕ್ಷರ ಬಣ್ಣದ ಗುಂಪು, ಅಂಕಿ ಆ ಗುಂಪಿನಲ್ಲಿ ಅದರ ನಂಬರು. ಮುಂಬದಿಯ ಚೆಂದದ ಹೆಸರನ್ನು ಕಂಪನಿ ತನಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಈ ಸಂಕೇತ ಮಾತ್ರ ಎಲ್ಲ ಕಂಪನಿಗೂ ಒಂದೇ. ಅಲ್ಟ್ರಾಮರೀನ್ ಯಾರದೇ ಆಗಲಿ, ಪಿಬಿ 29 ಇದ್ದರೆ ಒಳಗಿರುವುದು ಅದೇ ನೀಲಿ ಪುಡಿ. ಹಿಂದೆ ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ ಪುಡಿಯೂ ಬಹುತೇಕ ಇದೇ.

ಸಂಕೇತ ಒಂದೇ ಇದ್ದರೆ ತಗೊಳ್ಳಿ. ಎರಡು ಮೂರು ಇದ್ದರೆ ಅದು ಕಂಪನಿಯವರು ಮೊದಲೇ ಬೆರೆಸಿಕೊಟ್ಟ ಬಣ್ಣ. ಸ್ಯಾಪ್ ಗ್ರೀನ್ ಸಾಮಾನ್ಯವಾಗಿ ಹೀಗೆಯೇ. ಇಂಡಿಗೊ ಅಂತ ಬರೆದಿದ್ದರೂ ಇವತ್ತು ಹೆಚ್ಚಿನ ಟ್ಯೂಬುಗಳಲ್ಲಿ ನೀಲಿ ಗಿಡದ ಬಣ್ಣ ಇಲ್ಲ, ಥಾಲೋ ನೀಲಿಗೆ ಕಪ್ಪು ಬೆರೆಸಿರುತ್ತಾರೆ. ಬೆರೆಸಿದ್ದು ಕೆಟ್ಟದ್ದು ಅಂತಲ್ಲ. ಆದರೆ ನೀವು ಅಂಥ ಎರಡು ಟ್ಯೂಬ್ ಸೇರಿಸಿದಾಗ ತಟ್ಟೆಯಲ್ಲಿ ಐದಾರು ಪಿಗ್ಮೆಂಟ್ ಕೂಡುತ್ತವೆ, ರಾಡಿ ಆಗುತ್ತದೆ. ಇಪ್ಪತ್ನಾಲ್ಕರ ಡಬ್ಬಿ ಬೇಡ ಅನ್ನುವುದು ಇದಕ್ಕೇ. ಅದರಲ್ಲಿ ಅರ್ಧಕ್ಕರ್ಧ ಬಣ್ಣ ಉಳಿದರ್ಧದಿಂದ ನೀವೇ ಮಾಡಿಕೊಳ್ಳಬಹುದಾದದ್ದು. ಹೆಸರಿನ ಪಕ್ಕ ಹ್ಯೂ ಅಂತ ಇದ್ದರೆ ಮೂಲ ಪಿಗ್ಮೆಂಟಿನ ಬದಲು ಬೇರೆಯದರಿಂದ ಆ ಬಣ್ಣ ಹೊಂದಿಸಿದ್ದಾರೆ ಅಂತ ಅರ್ಥ. ಕ್ಯಾಡ್ಮಿಯಂ ರೆಡ್ ಹ್ಯೂ ಟ್ಯೂಬಿನಲ್ಲಿ ಕ್ಯಾಡ್ಮಿಯಂ ಇರುವುದಿಲ್ಲ. ಕ್ಯಾಡ್ಮಿಯಂ ವಿಷದ ಲೋಹ, ಹಾಗಾಗಿ ಮಕ್ಕಳಿಗೆ ಅದೇ ವಾಸಿ. ಕುಂಚದ ತುದಿ ಚೂಪಾಗಲಿ ಅಂತ ಬಾಯಿಗೆ ಹಾಕುವ ಚಟ ನಮ್ಮಲ್ಲಿ ದೊಡ್ಡವರಿಗೂ ಇದೆ, ಅದನ್ನು ದಯವಿಟ್ಟು ಇವತ್ತೇ ಬಿಡಿ.

ಇನ್ನೊಂದು ಗುರುತು ಪುಟ್ಟ ಚೌಕ. ಚೌಕ ಖಾಲಿ ಇದ್ದರೆ ಪಾರದರ್ಶಕ, ಪೂರ್ತಿ ತುಂಬಿದ್ದರೆ ಕೆಳಗಿನದನ್ನು ಮುಚ್ಚುವ ಬಣ್ಣ, ಅರ್ಧ ತುಂಬಿದ್ದರೆ ಎರಡರ ನಡುವೆ. ಜಲವರ್ಣದಲ್ಲಿ ಬೆಳಕು ಬರುವುದು ಕಾಗದದ ಬಿಳುಪಿನಿಂದ. ಒಂದರ ಮೇಲೊಂದು ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ಪದರ, ಹಾಕುವವರಿಗೆ ಖಾಲಿ ಚೌಕವೇ ಬೇಕು.

ನನ್ನ ಆರು ಟ್ಯೂಬು ಇವು. ತಿಳಿ ಹಳದಿಗೆ ಪಿವೈ 154. ಮಣ್ಣು ಹಳದಿಯಾದ ಯೆಲ್ಲೋ ಓಕರ್‌ಗೆ ಪಿವೈ 42 ಅಥವಾ 43. ಕೆಂಗಂದು ಬಣ್ಣದ ಬರ್ಂಟ್ ಸಿಯೆನಾಕ್ಕೆ ಪಿಬಿಆರ್ 7 ಅಥವಾ ಪಿಆರ್ 101. ಗುಲಾಬಿಗೆ ಕ್ವಿನಾಕ್ರಿಡೋನ್, ಪಿವಿ 19. ನೀಲಿ ಎರಡು, ಅಲ್ಟ್ರಾಮರೀನ್ ಪಿಬಿ 29 ಮತ್ತು ಥಾಲೋ ಪಿಬಿ 15. ಹಸಿರು ಇಲ್ಲ, ಕಪ್ಪು ಇಲ್ಲ, ಬಿಳಿಯೂ ಇಲ್ಲ. "ಕೆಂಪ ಎಲ್ಲೈತ್ರಿ ಸರ?" ಅಂತ ಹಾವೇರಿ ಕಡೆಯ ಮಕ್ಕಳು ಕೇಳಿಯೇ ಕೇಳುತ್ತಾರೆ. ಗುಲಾಬಿಗೆ ಹಳದಿ ಸೇರಿಸಿ, ಕೆಂಪು ಬರುತ್ತದೆ. ಅದಕ್ಕೆ ಚೂರು ಸಿಯೆನಾ ಬಿದ್ದರೆ ಒಣಗಿ ಸುಕ್ಕಾದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ.

ಕಪ್ಪು ಬೇಡ ಅನ್ನುವುದಕ್ಕೆ ನಮ್ಮ ಮಣ್ಣೇ ಕಾರಣ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ಕಡೆ ಹೊರಟರೆ ಎರಡೂ ಬದಿಗೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಕಲಿಯುವವರು ಆ ಹೊಲ ಬರೆಯಲು ಟ್ಯೂಬಿನ ಕಪ್ಪನ್ನು ತೆಗೆದು ಬಳಿಯುತ್ತಾರೆ. ಡಾಂಬರು ರಸ್ತೆ ಆಗುತ್ತದೆ, ಹೊಲ ಆಗುವುದಿಲ್ಲ. ಎರಿ ಮಣ್ಣನ್ನು ಹತ್ತಿರ ಕೂತು ನೋಡಿ. ಏಪ್ರಿಲ್‌ನಲ್ಲಿ ಬಿರುಕು ಬಿಟ್ಟಾಗ ಬೂದು, ಅದರಲ್ಲಿ ಕಂದಿನ ಛಾಯೆ. ಮೊದಲ ಮಳೆ ಬಿದ್ದ ಮೇಲೆ ನೇರಳೆಗೆ ತಿರುಗಿದ ಕಪ್ಪು. ಎರಡನ್ನೂ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನಾದಿಂದಲೇ ಮಾಡಬಹುದು. ಸಿಯೆನಾ ಜಾಸ್ತಿಯಾದರೆ ಒಣ ಮಣ್ಣು, ನೀಲಿ ಜಾಸ್ತಿಯಾದರೆ ಹಸಿ ಮಣ್ಣು. ದಪ್ಪಗೆ ಕಲಸಿದರೆ ಹೆಚ್ಚುಕಡಿಮೆ ಕಪ್ಪೇ. ತಟ್ಟೆಯಲ್ಲಿ ಪೂರ್ತಿ ಕಲಸಬೇಡಿ. ಒದ್ದೆ ಕಾಗದದ ಮೇಲೆ ಎರಡನ್ನೂ ಪಕ್ಕಪಕ್ಕ ಬಿಟ್ಟು, ಹಲಗೆಯನ್ನು ಸ್ವಲ್ಪ ಓರೆ ಮಾಡಿ, ಅವೇ ಸೇರಿಕೊಳ್ಳಲಿ. ಅಲ್ಟ್ರಾಮರೀನಿನ ಪುಡಿಗೆ ಕಾಗದದ ತಗ್ಗುಗಳಲ್ಲಿ ಕಾಳುಕಾಳಾಗಿ ಕೂರುವ ಗುಣ ಇದೆ. ಒಣಗಿದ ಮೇಲೆ ಅಲ್ಲಲ್ಲಿ ನೀಲಿ, ಅಲ್ಲಲ್ಲಿ ಕಂದು ಚುಕ್ಕೆ ಉಳಿದು, ಹೆಂಟೆ ಒಡೆದ ಹೊಲದ ಮೇಲ್ಮೈ ತಾನಾಗಿ ಬರುತ್ತದೆ. ಯಾವ ಕಪ್ಪು ಟ್ಯೂಬೂ ಇದನ್ನು ಕೊಡುವುದಿಲ್ಲ.

ಅದೇ ಜೋಡಿಯನ್ನು ತೆಳುವಾಗಿಸಿ ಚೂರು ಓಕರ್ ಸೇರಿಸಿದರೆ ಲಕ್ಕುಂಡಿಯ ಗುಡಿಗಳ ಹಸಿರು ಮಿಶ್ರಿತ ಬೂದುಗಲ್ಲು. ಅಳ್ನಾವರ, ಕಲಘಟಗಿ ಕಡೆಯ ಕೆಂಪು ಮಸಾರಿ ಮಣ್ಣಿಗೆ ಸಿಯೆನಾ, ಸ್ವಲ್ಪ ಗುಲಾಬಿ. ಸಾಧನಕೇರಿಯ ದಂಡೆಯ ಹಸಿರಿಗೆ ಹಳದಿ, ಥಾಲೋ, ಒಂದು ಹನಿ ಸಿಯೆನಾ. ಥಾಲೋ ಹಾಕುವಾಗ ಮಾತ್ರ ಕುಂಚದ ತುದಿ ತಾಗಿಸಿದರೆ ಸಾಕು, ಅದರ ಶಕ್ತಿ ಬಹಳ. ಕಾಗದಕ್ಕೆ ಹತ್ತಿದರೆ ತೊಳೆದರೂ ಪೂರ್ತಿ ಹೋಗುವುದಿಲ್ಲ.

ಬಳಸುವಾಗ ನಾನು ಹೆಚ್ಚು ಕಾಣುವ ತೊಂದರೆ ಜಿಪುಣತನ. ಅಕ್ಕಿಕಾಳಿನಷ್ಟು ಬಣ್ಣ ಹಿಂಡಿ ಅದರಲ್ಲೇ ಇಡೀ ಆಕಾಶ ಮುಗಿಸಲು ಹೊರಡುತ್ತಾರೆ. ಅರ್ಧಕ್ಕೆ ಬಣ್ಣ ಮುಗಿಯುತ್ತದೆ. ಮತ್ತೆ ಕಲಸುವಷ್ಟರಲ್ಲಿ ಅಂಚು ಒಣಗಿ ಗೆರೆ ಬಿದ್ದಿರುತ್ತದೆ. ವಾಶ್‌ಗೆ ಬೇಕಾಗುತ್ತದೆ ಅನ್ನಿಸಿದ್ದಕ್ಕಿಂತ ಎರಡು ಪಟ್ಟು ಕಲಸಿಡಿ. ಕಲಸಿದ ಬಣ್ಣ ಕಣ್ಣಿಗೆ ಸರಿ ಅನ್ನಿಸಿದರೆ ಇನ್ನೂ ಸ್ವಲ್ಪ ಸೇರಿಸಿ, ಯಾಕೆಂದರೆ ಒಣಗಿದಾಗ ಅದು ತಿಳಿಯಾಗುತ್ತದೆ. ಉಳಿದದ್ದು ಹಾಳಾಯಿತು ಅಂತ ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ. ಜಲವರ್ಣ ತಟ್ಟೆಯಲ್ಲಿ ಒಣಗಿದರೂ ನೀರು ಹನಿಸಿದರೆ ಮತ್ತೆ ಏಳುತ್ತದೆ. ಪೋಸ್ಟರ್ ಕಲರ್ ಇಷ್ಟು ಚೆನ್ನಾಗಿ ಏಳುವುದಿಲ್ಲ, ಅಕ್ರಿಲಿಕ್ ಅಂತೂ ಏಳುವುದೇ ಇಲ್ಲ.

ಟ್ಯೂಬ್ ತೆರೆದಾಗ ಮೊದಲು ತೆಳ್ಳನೆಯ ಅಂಟು ದ್ರವ ಬಂದರೆ ಗೋಂದು ಬೇರ್ಪಟ್ಟಿದೆ ಅಂತ ತಿಳಿಯಿರಿ. ಬೇಸಿಗೆಯಲ್ಲಿ ಇದು ಸಾಮಾನ್ಯ. ಬಾಯಿಂದ ಒಂದು ಟೂತ್‌ಪಿಕ್ ತೂರಿಸಿ ಚೆನ್ನಾಗಿ ಕಲಕಿ. ಆ ದ್ರವವನ್ನೇ ಹಚ್ಚಿದರೆ ಒಣಗಿದ ಮೇಲೆ ಅಲ್ಲಿ ಮಿರಮಿರ ಹೊಳೆಯುತ್ತದೆ. ಮೇ ತಿಂಗಳಲ್ಲಿ ಬಣ್ಣದ ಚೀಲವನ್ನು ಕಾರಿನಲ್ಲೋ ಗಾಡಿಯ ಡಿಕ್ಕಿಯಲ್ಲೋ ಬಿಟ್ಟು ಹೋಗಬೇಡಿ. ಮುಚ್ಚುವ ಮೊದಲು ಟ್ಯೂಬಿನ ಬಾಯಿ ಒರೆಸಿ. ಮುಚ್ಚಳ ಬಿಗಿದುಕೊಂಡರೆ ಇಕ್ಕಳ ಹಾಕಿ ತಿರುಚಬೇಡಿ, ತಗಡು ಹರಿಯುತ್ತದೆ. ಮುಚ್ಚಳವನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿಡಿ. ಒಳಗೆ ಪೂರ್ತಿ ಗಟ್ಟಿಯಾಗಿದ್ದರೆ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ, ಬಿಲ್ಲೆ ಬಣ್ಣದ ಹಾಗೆ ಬಳಸಿ.

ತಟ್ಟೆ ಬಿಳಿ ಪಿಂಗಾಣಿಯದ್ದಾದರೆ ಒಳ್ಳೆಯದು. ಹೊಸ ಪ್ಲಾಸ್ಟಿಕ್ ಪ್ಯಾಲೆಟ್ಟಿನಲ್ಲಿ ನೀರು ಹನಿಹನಿಯಾಗಿ ಒಡೆಯುತ್ತದೆ, ಬಣ್ಣ ಎಷ್ಟು ಗಾಢ ಅಂತ ತಿಳಿಯುವುದೇ ಇಲ್ಲ.

ನೀರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಮ್ಮ ಎಷ್ಟೋ ಬಡಾವಣೆಗಳಲ್ಲಿ ಬೋರಿನ ಸವಳು ನೀರು. ಅದರಲ್ಲಿ ಗಾಢ ವಾಶ್ ಹಾಕಿದರೆ ಒಣಗಿದ ಮೇಲೆ ಬಿಳಿ ಪೊರೆ ಉಳಿಯಬಹುದು. ನಳಕ್ಕೆ ಬರುವ ಮಲಪ್ರಭಾ ನೀರು ಹಿಡಿದಿಟ್ಟುಕೊಳ್ಳಿ, ಅಥವಾ ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಡಬ್ಬಿ ಎರಡಿರಲಿ. ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲಸಲು.

ಹವೆಯೂ ಕೆಲಸದ ರೀತಿ ಬದಲಿಸುತ್ತದೆ. ಏಪ್ರಿಲ್‌ನ ಒಣ ಗಾಳಿಗೆ ಉಣಕಲ್ ಕೆರೆ ದಂಡೆಯಲ್ಲಿ ಕೂತರೆ ಕಾಗದ ಕಣ್ಣೆದುರೇ ಒಣಗುತ್ತದೆ. ಬೆಳಗ್ಗೆ ಬೇಗ ಕೂರಿ, ಕಾಗದದ ಎರಡೂ ಬದಿ ನೆನೆಸಿ. ಕಾಗದ ದಪ್ಪ, ಅಂದರೆ 300 ಜಿಎಸ್‌ಎಂ ಇದ್ದರೆ ನೀರು ತಡೆಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದು ಪೂರ್ತಿ ಉಲ್ಟಾ, ಮೊದಲ ವಾಶ್ ಆರುವುದೇ ಇಲ್ಲ. ಕಾಗದದ ಮೇಲಿನ ಹೊಳಪು ಹೋಗಿ ಇನ್ನೂ ತಣ್ಣಗಿರುವ ಆ ಹೊತ್ತಿನಲ್ಲಿ ಕುಂಚ ಇಡಬೇಡಿ, ಹೂಕೋಸಿನ ಆಕಾರದ ಕಲೆ ಬೀಳುತ್ತದೆ. ಮಳೆಗಾಲದಲ್ಲಿ ಒದ್ದೆ ಪ್ಯಾಲೆಟ್ ಮುಚ್ಚಿಟ್ಟರೆ ಬೂಸ್ಟು ಗ್ಯಾರಂಟಿ. ಫ್ಯಾನಿನ ಕೆಳಗೆ ಒಣಗಿಸಿ ಮುಚ್ಚಿ. ಬೂಸ್ಟು ಬಂದ ಬಣ್ಣವನ್ನು ಆಸೆಪಡದೆ ಎಸೆದುಬಿಡಿ.

ಕೊನೆಯದು ಬಿಸಿಲು ತಾಳುವ ಗುಣ. ಅಲಿಜರಿನ್ ಕ್ರಿಮ್ಸನ್, ಪಿಆರ್ 83, ನೋಡಲು ಬಹಳ ಚೆಂದದ ಕೆಂಪು. ಆದರೆ ಅದರ ತೆಳು ವಾಶ್ ಬೆಳಕಿಗೆ ಮಾಸುತ್ತದೆ. ನನ್ನ ಪಟ್ಟಿಯಲ್ಲಿ ಪಿವಿ 19 ಇರುವುದು ಅದಕ್ಕೇ. ಮದುವೆಗೆ, ಗೃಹಪ್ರವೇಶಕ್ಕೆ ಅಂತ ಚಿತ್ರ ಬರೆದು ಕೊಡುವವರು ಇದನ್ನು ಗಮನಿಸಲೇಬೇಕು, ಪಡೆದವರು ಅದನ್ನು ವರ್ಷಗಟ್ಟಲೆ ಗೋಡೆಯ ಮೇಲೆ ಇಡುತ್ತಾರೆ ಅಲ್ವಾ? ಕಂಪನಿಗಳು ಇದನ್ನು ನಕ್ಷತ್ರದಲ್ಲೋ ರೋಮನ್ ಅಂಕಿಯಲ್ಲೋ ತೋರಿಸುತ್ತವೆ. ರೋಮನ್ ಅಂಕಿಯಾದರೆ ಒಂದು (I) ಅತ್ಯುತ್ತಮ, ಎರಡು (II) ಕೂಡ ಚೆನ್ನಾಗಿಯೇ ಇರುತ್ತದೆ. ಗುರುತು ಇಲ್ಲದ ಟ್ಯೂಬ್ ನಿಮ್ಮ ಬಳಿ ಈಗಾಗಲೇ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಪಟ್ಟಿ ಕಾಗದದ ಮೇಲೆ ಪ್ರತಿ ಬಣ್ಣವನ್ನೂ ತೆಳುವಾಗಿ ಎಳೆಯಿರಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ಹೆಸರು ಬರೆಯಿರಿ. ಉದ್ದಕ್ಕೆ ಅರ್ಧ ಭಾಗವನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಪಶ್ಚಿಮದ ಕಿಟಕಿಯ ಗಾಜಿಗೆ ಬಣ್ಣ ಹೊರಮುಖವಾಗಿ ಬರುವಂತೆ ಅಂಟಿಸಿ. ಪುಸ್ತಕಗಳು ದಕ್ಷಿಣದ ಕಿಟಕಿ ಅನ್ನುತ್ತವೆ, ಅದು ತಂಪು ದೇಶದವರ ಲೆಕ್ಕ. ನಮ್ಮಲ್ಲಿ ಬೇಸಿಗೆಯ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ದಕ್ಷಿಣದ ಗಾಜಿಗೆ ನೇರ ಬಿಸಿಲು ಕಡಿಮೆ. ಮಾರ್ಚ್ ಮೊದಲಿಗೆ ಅಂಟಿಸಿ, ಮೇ ಕೊನೆಗೆ ರಟ್ಟು ತೆಗೆದು ಎರಡೂ ಭಾಗ ಹೋಲಿಸಿ ನೋಡಿ. ಮಾಸಿದ ಟ್ಯೂಬುಗಳನ್ನು ಅಭ್ಯಾಸದ ಹಾಳೆಗಳಿಗೆ ಇಟ್ಟುಕೊಳ್ಳಿ.