ಬಿಳಿ ಫೋನಿನ ಟಿಪ್ಪಣಿ: ಅಲ್ಯುಮಿನಿಯಂಗೆ ಬಿಳಿ ಯಾಕೆ ಹತ್ತುವುದಿಲ್ಲ

ಕಾಸರಗೋಡಿನ ಮೊಬೈಲ್ ಅಂಗಡಿಯಲ್ಲಿ ‘ವೈಟ್ ಕೊಡಿ’ ಎಂದರೆ ಮೇಜಿನ ಮೇಲೆ ಬರುವುದು ಒಂದೇ ಜಾತಿಯ ಬಿಳಿಯಲ್ಲ. ಒಳಮೈಗೆ ಬಿಳಿ ಶಾಯಿ ಬಳಿದ ಗಾಜು, ಬಿಳಿ ಪ್ಲಾಸ್ಟಿಕ್, ಅಪರೂಪಕ್ಕೆ ಸೆರಾಮಿಕ್. ಸುತ್ತಲಿನ ಲೋಹದ ಚೌಕಟ್ಟು ಮಾತ್ರ ಹೆಚ್ಚಾಗಿ ಬೆಳ್ಳಿಯ ಬಣ್ಣದ್ದೇ. ಲೋಹ ಯಾಕೆ ಬಿಳಿಯಾಗಲಿಲ್ಲ ಎನ್ನುವಲ್ಲೇ ಪರೀಕ್ಷೆಗೆ ಓದುವವರ ಕಾಲು ಸಿಕ್ಕಿಕೊಳ್ಳುವುದರಿಂದ ಈ ಟಿಪ್ಪಣಿಯ ಹೆಚ್ಚಿನ ಜಾಗ ಅದಕ್ಕೇ.

ಮೊದಲು ಸುಣ್ಣದ ಪಾಠ

ಮುರಕಲ್ಲಿನ ಗೋಡೆಗೆ ಸುಣ್ಣ ಹೊಡೆದಾಗ, ಹಸಿ ಇರುವಷ್ಟು ಹೊತ್ತು ಕಲ್ಲಿನ ಕೆಂಪು ಹಾಗೇ ಕಾಣುತ್ತದೆ. ಒಣಗಿದ ಮೇಲೆ ಬಿಳಿ ಏಳುತ್ತದೆ. ಆದರೂ ಎರಡು ಮೂರು ಕೈ ಬೇಕು. ಕಾರಣ ವಕ್ರೀಭವನ ಸೂಚ್ಯಂಕ, ಅಂದರೆ ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ. ಸುಣ್ಣದ ಕಣದ್ದು ಸುಮಾರು 1.6, ನೀರಿನದು 1.33, ಗಾಳಿಯದು 1. ಕಣಕ್ಕೂ ಸುತ್ತಲಿನ ವಸ್ತುವಿಗೂ ವ್ಯತ್ಯಾಸ ಹೆಚ್ಚಿದಷ್ಟೂ ಬೆಳಕು ಹೆಚ್ಚು ಚದುರುತ್ತದೆ. ನೀರು ಹೋಗಿ ಗಾಳಿ ಬಂತು, ಗೋಡೆ ಬೆಳ್ಳಗಾಯಿತು.

ಶಾಯಿಯಲ್ಲಾಗಲಿ ಪ್ಲಾಸ್ಟಿಕ್‌ನಲ್ಲಾಗಲಿ ಕಣಗಳ ನಡುವೆ ಗಾಳಿ ಇಲ್ಲ, ಸುಮಾರು 1.5ರ ರಾಳ ತುಂಬಿದೆ. ಅಲ್ಲಿ ಸುಣ್ಣ ಹಾಕಿದರೆ ಮಾಯವಾಗುತ್ತದೆ. ಅದಕ್ಕೇ ಸುಮಾರು 2.7 ಇರುವ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ, ಅದರಲ್ಲೂ ರೂಟೈಲ್ ಎಂಬ ಹರಳು ರೂಪ. ಕಣದ ಗಾತ್ರ 200ರಿಂದ 300 ನ್ಯಾನೋಮೀಟರ್, ಅಂದರೆ ಕಾಣುವ ಬೆಳಕಿನ ಅಲೆಯುದ್ದದ ಸುಮಾರು ಅರ್ಧ. ಈ ಸಂಖ್ಯೆ ನೆನಪಿರಲಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಅಲ್ಯುಮಿನಿಯಂ

ಚೌಕಟ್ಟನ್ನು ಸಲ್ಫ್ಯೂರಿಕ್ ಆಮ್ಲದ ತೊಟ್ಟಿಯಲ್ಲಿ, ಸುಮಾರು 20 ಡಿಗ್ರಿಯಲ್ಲಿ, ಧನಾಗ್ರವಾಗಿ (ವಿದ್ಯುತ್ತಿನ ಪಾಸಿಟಿವ್ ತುದಿಯಾಗಿ) ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಮೈಮೇಲೆ 10ರಿಂದ 20 ಮೈಕ್ರಾನ್ ದಪ್ಪದ ಆಕ್ಸೈಡ್ ಪದರ ಬೆಳೆಯುತ್ತದೆ. ಆ ಪದರದ ತುಂಬ ಜೇನುಗೂಡಿನಂತೆ ನೆಟ್ಟಗಿನ ತೂತುಗಳು, ಒಂದೊಂದರ ಬಾಯಿ 10ರಿಂದ 20 ನ್ಯಾನೋಮೀಟರ್. ಆಮೇಲೆ ಬಣ್ಣದ ತೊಟ್ಟಿ. ಒಂದೆರಡು ನ್ಯಾನೋಮೀಟರಿನ ಬಣ್ಣದ ಅಣುಗಳು ತೂತಿಗೆ ಇಳಿಯುತ್ತವೆ. ಕೊನೆಗೆ ಕುದಿಯುವಷ್ಟು ಬಿಸಿ ನೀರಿನಲ್ಲಿ ಇಟ್ಟರೆ ಆಕ್ಸೈಡ್ ಊದಿಕೊಂಡು ತೂತಿನ ಬಾಯಿ ಮುಚ್ಚುತ್ತದೆ. ಕೆಂಪು, ನೀಲಿ, ಕಪ್ಪು ಎಲ್ಲವೂ ಹೀಗೇ.

ಹಾಗಿದ್ದರೆ ಬಿಳಿ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿದರೆ ಆಗದೇ? ಇಲ್ಲೇ ನಿಧಾನಿಸಬೇಕು.

ಕೆಂಪು ಬಣ್ಣದ ಅಣು ಮಾಡುವ ಕೆಲಸ ಏನು? ಬಿದ್ದ ಬೆಳಕಿನಿಂದ ನೀಲಿ, ಹಸಿರು ಭಾಗವನ್ನು ನುಂಗುವುದು. ಉಳಿದ ಕೆಂಪು ಕೆಳಗಿನ ಲೋಹಕ್ಕೆ ಬಡಿದು ವಾಪಸು ಬರುತ್ತದೆ. ನೀಲಿ ಬಣ್ಣದ ಅಣು ಕೆಂಪನ್ನು ನುಂಗುತ್ತದೆ, ಕಪ್ಪು ಎಲ್ಲವನ್ನೂ ನುಂಗುತ್ತದೆ. ಈಗ ಬಿಳಿ ಅಣು ಯಾವುದನ್ನು ನುಂಗಬೇಕು? ಯಾವುದನ್ನೂ ನುಂಗಬಾರದು. ಯಾವುದನ್ನೂ ನುಂಗದ ಅಣು ತಿಳಿನೀರಿನ ಹಾಗೆ, ಇದ್ದರೂ ಕಾಣುವುದಿಲ್ಲ. ತೂತಿನೊಳಗೆ ಅದನ್ನು ಎಷ್ಟು ತುಂಬಿದರೂ ಕೆಳಗಿನ ಅಲ್ಯುಮಿನಿಯಂ ಹೊಳೆಯುತ್ತಲೇ ಇರುತ್ತದೆ. ಬಟ್ಟೆಗೆ ಹಾಕಲು ಕೆಂಪು, ಹಳದಿ ಬಣ್ಣ ಸಿಗುತ್ತದೆ, ಬಿಳಿ ಸಿಗುವುದಿಲ್ಲ ಎಂಬುದೂ ಇದೇ ಕಾರಣಕ್ಕೆ.

ಅಣು ಬೇಡ, ಟೈಟಾನಿಯಂ ಡೈಆಕ್ಸೈಡ್ ಕಣವನ್ನೇ ತುಂಬೋಣ ಎಂದರೆ ಅಳತೆ ಹೊಂದುವುದಿಲ್ಲ. ತೂತು 15, ಕಣ 250 ನ್ಯಾನೋಮೀಟರ್: ಹದಿನಾರು ಹದಿನೇಳು ಪಟ್ಟು. ಬಟಾಣಿ ಕಾಳು ತೂರುವ ತೂತಿಗೆ ಸುಲಿದ ತೆಂಗಿನಕಾಯಿ ತುರುಕಿದ ಹಾಗೆ. ಹೋಲಿಕೆ ಅಳತೆಯಲ್ಲೂ ಹೆಚ್ಚುಕಡಿಮೆ ಸರಿಯಿದೆ. ಕಣವನ್ನು 5 ನ್ಯಾನೋಮೀಟರಿಗೆ ಅರೆದರೆ ಒಳಗೆ ಹೋದೀತು, ಆದರೆ ಅಷ್ಟು ಸಣ್ಣ ಕಣ ಬೆಳಕನ್ನು ಚದುರಿಸುವುದೇ ಇಲ್ಲ ಎನ್ನಬಹುದು. ಒಳಹೋಗುವುದು ಬೆಳ್ಳಗಿಲ್ಲ, ಬೆಳ್ಳಗಿರುವುದು ಒಳಹೋಗುವುದಿಲ್ಲ. ಪರೀಕ್ಷೆಯಲ್ಲಿ ಈ ಎರಡೂ ಕಾರಣ ಬರೆಯಬೇಕು. ತೂತಿನ ಗಾತ್ರ ಮಾತ್ರ ಬರೆದರೆ ಅರ್ಧ ಉತ್ತರ.

ಬೆಳ್ಳಿಗೂ ಬಿಳಿಗೂ ಇರುವ ವ್ಯತ್ಯಾಸವೂ ಇಲ್ಲೇ ತಿಳಿಯುತ್ತದೆ. ಎರಡೂ ಎಲ್ಲ ಬಣ್ಣದ ಬೆಳಕನ್ನು ಹಿಂದಿರುಗಿಸುತ್ತವೆ. ಬೆಳ್ಳಿಯದು ಕನ್ನಡಿಯಂತೆ ಒಂದೇ ದಿಕ್ಕಿಗೆ, ಬಿಳಿಯದು ಎಲ್ಲ ದಿಕ್ಕಿಗೆ. ಲೋಹದ ಮೇಲೆ ಸಣ್ಣ ಮಣಿಗಳನ್ನು ಗಾಳಿಯೊತ್ತಡದಿಂದ ಹೊಡೆದು ಮೈಯನ್ನು ಮಬ್ಬು ಮಾಡಿದರೆ ಬಿಳಿಯತ್ತ ಸ್ವಲ್ಪ ಸರಿಯುತ್ತದೆ, ಓರೆಯಿಂದ ನೋಡಿದರೆ ಮತ್ತೆ ಬೂದು.

ಲೋಹದ ಮೇಲೆ ಬಿಳಿ ಪೇಂಟ್ ಹೊಡೆಯಬಹುದು. ಆದರೆ ಮರೆಮಾಡುವಷ್ಟು ದಪ್ಪ ಬಳಿದರೆ ಲೋಹದ ತಂಪು ಸ್ಪರ್ಶ ಹೋಗುತ್ತದೆ, ಚಾರ್ಜಿಂಗ್ ಕಿಂಡಿಯ ಅಂಚಿನಲ್ಲಿ ಮೊದಲು ಚಕ್ಕೆ ಏಳುತ್ತದೆ.

ಸೆರಾಮಿಕ್, ಪ್ಲಾಸ್ಟಿಕ್

ಜಿರ್ಕೋನಿಯಾ ಸೆರಾಮಿಕ್ ಹುಟ್ಟಿನಿಂದಲೇ ಬಿಳಿ. 2019ರ ಗ್ಯಾಲಕ್ಸಿ ಎಸ್10 ಪ್ಲಸ್‌ನಲ್ಲಿ ಸೆರಾಮಿಕ್ ಬಿಳಿ ಇತ್ತು. ಸೆರಾಮಿಕ್‌ನ ಸಾಂದ್ರತೆ ನೀರಿನ ಸುಮಾರು 6 ಪಟ್ಟು, ಗಾಜಿನದು 2.5 ಪಟ್ಟು, ಕೈಗೆ ಭಾರ. ಸುಡುವಾಗ ಉದ್ದಗಲದಲ್ಲಿ ಐದರಲ್ಲೊಂದು ಭಾಗ ಕುಗ್ಗುವುದರಿಂದ ಕೊನೆಯ ಅಳತೆಗೆ ವಜ್ರದ ಉಪಕರಣದಿಂದ ಉಜ್ಜಬೇಕು. ಪ್ಲಾಸ್ಟಿಕ್‌ಗೆ ಬಣ್ಣದ ಪುಡಿಯನ್ನು ಮೊದಲೇ ಕಲಸಿ ಅಚ್ಚು ಹೊಯ್ದರೆ ಗೀರು ಬಿದ್ದರೂ ಒಳಗೂ ಅದೇ ಬಿಳಿ.

ಗಾಜು, ಸೆನ್ಸರ್

ಗಾಜಿನ ಹಿಂದೆ ಬಿಳಿ ಶಾಯಿಯನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಮೂರು ನಾಲ್ಕು ಸಲ ಒತ್ತಿ, ಪ್ರತಿ ಸಲ ಒಣಗಿಸಿ, ಕೊನೆಗೆ ಬೆಳಕು ತಡೆಯಲು ಬೂದು ಅಥವಾ ಕಪ್ಪು ಪದರ ಕೊಡುತ್ತಾರೆ. ಕಪ್ಪಿಗೆ ಒಂದೆರಡು ಸಲ ಸಾಕು. ಪ್ರತಿ ಪದರವನ್ನು ಹಿಂದಿನದಕ್ಕಿಂತ ಕೂದಲೆಳೆಯಷ್ಟು ಒಳಗೆ ನಿಲ್ಲಿಸದಿದ್ದರೆ ಅಂಚು ಗರಗಸದಂತೆ ಕಾಣುತ್ತದೆ. ಪದರ ದಪ್ಪವಾದಷ್ಟೂ ಶಾಯಿಯ ಅಂಚಿನಲ್ಲಿ ಮೆಟ್ಟಿಲು ಏರುತ್ತದೆ, ಪರದೆ ಅಂಟಿಸುವಾಗ ಅಲ್ಲಿ ಗಾಳಿಗುಳ್ಳೆ ಕೂರುತ್ತದೆ.

ಸಾಮೀಪ್ಯ ಸೆನ್ಸರ್ (ಕಿವಿ ಹತ್ತಿರ ಬಂತೇ ಎಂದು ಅವಕೆಂಪು, ಅಂದರೆ ಇನ್‌ಫ್ರಾರೆಡ್, ಬೆಳಕಿನಿಂದ ತಿಳಿಯುವ ಸಾಧನ) ಇನ್ನೊಂದು ತೊಡಕು. ಕಣ್ಣಿಗೆ ಕಪ್ಪಾಗಿದ್ದು ಅವಕೆಂಪು ಬೆಳಕನ್ನು ಮಾತ್ರ ಬಿಡುವ ಶಾಯಿ ಉಂಟು. ಕಪ್ಪು ಮುಖದ ಫೋನಿನಲ್ಲಿ ಸೆನ್ಸರ್ ಅದರ ಹಿಂದೆ ಅಡಗುತ್ತದೆ. ಬಿಳಿ ಶಾಯಿ ಅವಕೆಂಪನ್ನೂ ಚದುರಿಸುವುದರಿಂದ ಕಿಂಡಿ ಬಿಡಬೇಕು. ಐಫೋನ್ 4 ಜೂನ್ 2010ರಲ್ಲಿ ಎರಡು ಬಣ್ಣದಲ್ಲಿ ಪ್ರಕಟವಾಯಿತು, ಬಿಳಿ ಮಾರಾಟಕ್ಕೆ ಬಂದದ್ದು 2011ರ ಏಪ್ರಿಲ್ 28ಕ್ಕೆ. ಬಿಳಿಗೆ ನೇರಳಾತೀತ ರಕ್ಷಣೆ ಹೆಚ್ಚು ಬೇಕಾಯಿತು, ಒಳಭಾಗಗಳೊಡನೆ ಅದರ ವರ್ತನೆ ನಿರೀಕ್ಷಿಸಿದಂತಿರಲಿಲ್ಲ ಎಂದು ಆ್ಯಪಲ್‌ನ ಫಿಲ್ ಶಿಲ್ಲರ್ ವಿವರಿಸಿದ್ದರು. 2017ರ ಐಫೋನ್ 10ರಲ್ಲಿ ಹಿಂಬದಿ ಯಾವ ಬಣ್ಣವಿದ್ದರೂ ಮುಖ ಕಪ್ಪೇ: ಓಎಲ್‌ಇಡಿ ಪರದೆಯ ಆರಿ ಪೂರ್ತಿ ಕಪ್ಪಾದ ಭಾಗಕ್ಕೂ ಅಂಚಿಗೂ ಗೆರೆ ಕಾಣದು.

ಯಾವ ಬಿಳಿ

ಬಣ್ಣವನ್ನು ಸಂಖ್ಯೆಯಲ್ಲಿ ಹೇಳುವ ಸಿಐಇ (ಬೆಳಕಿನ ಅಂತರರಾಷ್ಟ್ರೀಯ ಆಯೋಗ) 1976ರ ಅಳತೆಯಲ್ಲಿ ‘ಎಲ್’ ಎಂದರೆ ಬೆಳಕು, ‘ಎ’ ಹಸಿರು-ಕೆಂಪು, ‘ಬಿ’ ನೀಲಿ-ಹಳದಿ. ಮುಂಡಿಗೆ ನೀಲಿ ಹಾಕಿ ಒಗೆದರೆ ನಿಜವಾಗಿ ಬೆಳಕು ತುಸು ಕಮ್ಮಿಯಾಗುತ್ತದೆ, ಆದರೂ ಕಣ್ಣಿಗೆ ಹೆಚ್ಚು ಬಿಳಿ. ‘ಬಿ’ಯನ್ನು ಸೊನ್ನೆಗಿಂತ ಚೂರು ಕೆಳಗಿಡುವುದು ಅದೇ ಉಪಾಯ. ಐಫೋನ್ 13ರ ಸ್ಟಾರ್‌ಲೈಟ್ ಇದಕ್ಕೆ ಎದುರು, ಹಳದಿಯತ್ತ ವಾಲಿದ ಕೆನೆ. ಗಾಜನ್ನೂ ಪ್ಲಾಸ್ಟಿಕನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಾಗ ಹಗಲು ಬೆಳಕಿನಲ್ಲಿ ಒಮ್ಮೆ, ಅಂಗಡಿಯ ಎಲ್‌ಇಡಿಯಲ್ಲಿ ಒಮ್ಮೆ ನೋಡಿ. ಒಂದರಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಬೇರೆಯಾಗುವುದು ಸಾಮಾನ್ಯ.

ಹಳದಿಯಾದ ಕವರ್

ಪಾರದರ್ಶಕ ಟಿಪಿಯು (ಬಾಗುವ ಮೆತ್ತನೆಯ ಪ್ಲಾಸ್ಟಿಕ್) ಕವರ್ ಬಿಸಿಲಿಗೆ, ಬಿಸಿಗೆ ಹಳದಿಯಾದರೆ ಅದು ಪ್ಲಾಸ್ಟಿಕ್ಕಿನ ಒಳಗೇ ಆದ ರಾಸಾಯನಿಕ ಬದಲಾವಣೆ. ಜೀನ್ಸ್‌ನ ನೀಲಿ, ಮುರಮಣ್ಣಿನ ಕೆಂಪು ಮೇಲ್ಮೈಯ ಕಲೆ. ಗುರುತಿಸಲು ಹತ್ತಿಗೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತು ಸಲ ಉಜ್ಜಿ. ಹತ್ತಿಗೆ ಬಣ್ಣ ಬಂದರೆ ಕಲೆ, ಮುಂದುವರಿಸಿ. ಹತ್ತಿ ಬೆಳ್ಳಗೇ ಉಳಿದರೆ ಸೋಡಾಪುಡಿಯಿಂದಲೂ ಹೋಗದು, ಫೋನ್ ಹಾಗೇ ಇರಲಿ, ಕವರ್ ಬದಲಿಸಿ.