ವಿಡಿಯೋ ಬಂದ್ ಮಾಡಿದ್ರ ಗೆರಿ ಯಾಕ ಬರಂಗಿಲ್ಲ?

ಓದುಗರ ಪ್ರಶ್ನೆ: ನಮ್ಮೂರಾಗ ಡ್ರಾಯಿಂಗ್ ಕ್ಲಾಸ್ ಇಲ್ರಿ. ಮಗಳಿಗೆ ಎಂಟು ವರ್ಷ, ಮಗಗ ಹನ್ನೊಂದು. ಮೊಬೈಲ್‌ನಾಗ ವಿಡಿಯೋ ಹಚ್ಚಿ ಕೊಟ್ರ ನೋಡಿಕೋತ ಛಲೋ ತೆಗೀತಾರ. ಬಂದ್ ಮಾಡಿದ್ರ ಒಂದು ಗೆರಿನೂ ಬರಂಗಿಲ್ಲ. ಯಾವ ಆಪ್, ಯಾವ ಸೈಟ್ ಹಚ್ಚಿ ಕೊಡಬೇಕು?

ಉತ್ತರ: ಇಳಕಲ್ಲಿನಿಂದ ಬಂದರೂ ಇಂಡಿಯಿಂದ ಬಂದರೂ ಗೋಕಾಕಿನಿಂದ ಬಂದರೂ ಈ ಪ್ರಶ್ನೆ ಹೆಚ್ಚು ಕಡಿಮೆ ಇದೇ ಮಾತಿನಲ್ಲಿ ಇರುತ್ತದೆ. ಆಪ್‌ಗಳ ಹೆಸರು ಮುಂದೆ ಹೇಳುತ್ತೇವೆ. ಆದರೆ ಆಪ್ ಬದಲಿಸಿದರೆ ಈ ತೊಂದರೆ ಹೋಗುವುದಿಲ್ಲ, ನೋಡುವ ಕ್ರಮ ಬದಲಿಸಬೇಕು.

"ಸುಲಭವಾಗಿ ಆನೆ ಬಿಡಿಸಿ" ಎನ್ನುವಂಥ ವಿಡಿಯೋದಲ್ಲಿ ಮಗು ಆನೆಯನ್ನು ನೋಡುವುದೇ ಇಲ್ಲ. ಅಲ್ಲಿ ಕೈ ಒಂದು ಗೆರೆ ಎಳೆಯುತ್ತದೆ, ಇಲ್ಲಿ ಮಗು ಅದನ್ನು ಎಳೆಯುತ್ತದೆ. ಸೊಂಡಿಲು ಕಿವಿಗಿಂತ ಎಷ್ಟು ಉದ್ದ, ಹೊಟ್ಟೆ ನೆಲದಿಂದ ಎಷ್ಟು ಮೇಲೆ ಎಂಬ ಲೆಕ್ಕವನ್ನೆಲ್ಲ ವಿಡಿಯೋ ಮಾಡಿದವರೇ ಮಾಡಿ ಮುಗಿಸಿರುತ್ತಾರೆ. ಕಲಿಕೆ ಇರುವುದು ಆ ಲೆಕ್ಕದಲ್ಲಿ. ಅದಕ್ಕೇ ಪರದೆ ಆರಿದ ಕೂಡಲೇ ಕೈ ನಿಲ್ಲುತ್ತದೆ.

ಹಾಗಾಗಿ ಮೊದಲ ಬದಲಾವಣೆಗೆ ಖರ್ಚೇನೂ ಇಲ್ಲ. ವಿಡಿಯೋ ಓಡುವಾಗ ಪೆನ್ಸಿಲ್ ಕೈಯಲ್ಲಿ ಇರಬಾರದು. ಒಮ್ಮೆ ಪೂರ್ತಿ ನೋಡಲಿ, ಫೋನ್ ಮಗುಚಿ ಇಡಿ, ನೆನಪಿನಿಂದ ಬಿಡಿಸಲಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಹಚ್ಚಿ, ಮಗುವೇ ತನ್ನ ಹಾಳೆಯ ಜೊತೆ ಹೋಲಿಸಿ ತಿದ್ದಲಿ. ಮೊದಲ ವಾರ ಚಿತ್ರಗಳು ಮೊದಲಿಗಿಂತ ಕೆಟ್ಟದಾಗಿ ಬರುತ್ತವೆ, ಮಕ್ಕಳು ಸಿಟ್ಟಾಗುತ್ತಾರೆ. ಅದು ಸಹಜ, ಪದ್ಧತಿ ಬಿಡಬೇಡಿ.

ವಿಡಿಯೋ ಆರಿಸುವಾಗ ವೀಕ್ಷಣೆಯ ಸಂಖ್ಯೆ ನೋಡಬೇಡಿ. ಕ್ಯಾಮೆರಾ ನೇರ ಮೇಲಿನಿಂದ ಇದೆಯೇ, ಕೈ ನೆರಳು ಹಾಳೆಯ ಮೇಲೆ ಬೀಳದಂತೆ ಇದೆಯೇ, ಅದಕ್ಕಿಂತ ಮುಖ್ಯವಾಗಿ, ತೆಗೆಯುವವರು "ಇದು ಇದರ ಅರ್ಧ" ಎಂದು ಅಳತೆ ಹೇಳುತ್ತಾರೆಯೇ ನೋಡಿ. ಹಿನ್ನೆಲೆಯಲ್ಲಿ ಬರೀ ಸಂಗೀತ ಹಚ್ಚಿ ವೇಗ ಹೆಚ್ಚಿಸಿದ ವಿಡಿಯೋ ನೋಡಲು ಚಂದ, ಕಲಿಯಲು ನಿರುಪಯೋಗಿ. ಯೂಟ್ಯೂಬ್‌ನ ಸೆಟ್ಟಿಂಗ್ಸ್‌ನಲ್ಲಿ ವೇಗವನ್ನು 0.5ಕ್ಕೆ ಇಳಿಸಬಹುದು. ಲ್ಯಾಪ್‌ಟಾಪ್ ಇದ್ದರೆ ವಿಡಿಯೋ ನಿಲ್ಲಿಸಿ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಯುತ್ತದೆ. ಕುಂಚ ಹಾಳೆಗೆ ತಾಗುವ ಕೋನ ಕಾಣುವುದು ಹೀಗೆ ನೋಡಿದಾಗಲೇ. ಆಟೋಪ್ಲೇ ಮಾತ್ರ ಮೊದಲೇ ಬಂದ್ ಮಾಡಿಡಿ.

ಇನ್ನು ಪರದೆ ನಿಜಕ್ಕೂ ಕೆಲಸಕ್ಕೆ ಬರುವ ಜಾಗ: ಮ್ಯೂಸಿಯಂಗಳು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ (ಮೆಟ್) 2017ರಿಂದ ತನ್ನಲ್ಲಿರುವ ಹಕ್ಕುಮುಕ್ತ ಕೃತಿಗಳ ದೊಡ್ಡ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಲು ಬಿಟ್ಟಿದೆ. ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಲ್ಲಿ ಅದನ್ನೇ ಮಾಡಿತು. ಹುಡುಕುವಾಗ ಒಂದು ಎಚ್ಚರ: ನಮ್ಮ ಊರಿನ ಹೆಸರು 2014ರಲ್ಲಿ ವಿಜಯಪುರ ಆಯಿತು, ಮ್ಯೂಸಿಯಂಗಳ ಪಟ್ಟಿಯಲ್ಲಿ ಇನ್ನೂ ಹಳೆಯ ಬಿಜಾಪುರವೇ ಇದೆ. ಇಂಗ್ಲಿಷಿನಲ್ಲಿ ಹಳೆಯ ಹೆಸರು ಟೈಪ್ ಮಾಡಿ, ಓಪನ್ ಆಕ್ಸೆಸ್ ಎಂಬಲ್ಲಿ ಗುರುತು ಹಾಕಿ.

ಹಾಗೆ ಹುಡುಕಿದರೆ ಮೆಟ್‌ನಲ್ಲಿ ಸಿಗುವ ಒಂದು ಚಿತ್ರ "ದಿ ಹೌಸ್ ಆಫ್ ಬಿಜಾಪುರ್". ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಸೇರಿ ಸುಮಾರು 1680ರಲ್ಲಿ ಬರೆದದ್ದು. ಬಿಜಾಪುರವನ್ನು ಆಳಿದ ಆದಿಲಶಾಹಿಯ ಒಂಬತ್ತು ಸುಲ್ತಾನರೂ ಒಂದೇ ಚಿತ್ರದಲ್ಲಿ ಕೂತಿದ್ದಾರೆ. ಎಲ್ಲರೂ ಒಂದೇ ಕಾಲದಲ್ಲಿ ಬದುಕಿರಲಿಲ್ಲ, ಆದರೂ ಕೂತಿದ್ದಾರೆ! ಮಕ್ಕಳಿಗೆ ಏನೂ ಹೇಳದೆ ಒಂದು ನಿಮಿಷ ಸುಮ್ಮನೆ ನೋಡಲು ಬಿಡಿ. ಆಮೇಲೆ ಮೂರೇ ಪ್ರಶ್ನೆ: ಇಲ್ಲಿ ಏನು ನಡದದ? ಏನ ನೋಡಿ ಹಂಗಂದಿ? ಇನ್ನೇನು ಕಾಣ್ತದ? ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ರೂಪಿಸಿದ ಕ್ರಮವಿದು, ಬೇರೆ ಬೇರೆ ದೇಶಗಳ ಮ್ಯೂಸಿಯಂ ಮತ್ತು ಶಾಲೆಗಳಲ್ಲಿ ಬಳಕೆಯಲ್ಲಿದೆ. ಎರಡನೇ ಪ್ರಶ್ನೆ ಬಿಟ್ಟರೆ ಮಾತ್ರ ಇಡೀ ಕ್ರಮ ಹಾಳು. ಮಗು ಊಹೆ ಮಾಡುವುದನ್ನು ಬಿಟ್ಟು ಚಿತ್ರಕ್ಕೆ ಮರಳಿ ಬರುವುದು ಆ ಪ್ರಶ್ನೆಯಿಂದಲೇ. ಎಲ್ಲರಿಗಿಂತ ಚಿಕ್ಕವನು ಯಾರು ಎಂದು ಹುಡುಕುತ್ತಾ ಹೋದರೆ ಕೊನೆಯ ಸುಲ್ತಾನ, ಬಾಲಕ ಸಿಕಂದರ್ ಸಿಗುತ್ತಾನೆ. ಬಳಿಕ ಇಡೀ ಚಿತ್ರ ಬಿಡಿಸಲು ಹೇಳಬೇಡಿ. ಒಬ್ಬರ ಅಂಗಿ, ಒಂದು ಪೇಟ, ಅಷ್ಟೇ ಸಾಕು.

ಬಣ್ಣ ನೋಡುವಾಗ ಫೋನಿನ "ಕಣ್ಣಿನ ರಕ್ಷಣೆ" ಮೋಡ್ ಬಂದ್ ಮಾಡಿ. ಅದು ಇಡೀ ಪರದೆಗೆ ಹಳದಿ ಬಳಿಯುತ್ತದೆ. ಮಗು ನೀಲಿಯನ್ನು ಹಸಿರು ಎಂದು ಬಿಡಿಸಿದರೆ ತಪ್ಪು ಮಗುವಿನದಲ್ಲ.

ಗೋಳಗುಮ್ಮಟ, ಬಾದಾಮಿಯ ಫೋಟೊಗಳಿಗೆ ವಿಕಿಮೀಡಿಯಾ ಕಾಮನ್ಸ್ ಸಾಕು. ಗೋಳಗುಮ್ಮಟ ಮಕ್ಕಳಿಗೆ ಹೇಳಿ ಮಾಡಿಸಿದ ವಿಷಯ: ಒಂದು ಚೌಕದ ಪೆಟ್ಟಿಗೆ, ಮೇಲೊಂದು ಅರ್ಧಗೋಳ, ನಾಲ್ಕು ಮೂಲೆಗೆ ಏಳು ಅಂತಸ್ತಿನ ಎಂಟುಮೂಲೆಯ ಗೋಪುರ. ಆದರೆ ಹತ್ತಿರ ನಿಂತು ಫೋನ್ ಮೇಲೆತ್ತಿ ತೆಗೆದ ಫೋಟೊದಲ್ಲಿ ಗೋಪುರಗಳು ಮೇಲೆ ಹೋದಂತೆ ಒಳಕ್ಕೆ ವಾಲುತ್ತವೆ. ಅದನ್ನು ನೋಡಿ ಬಿಡಿಸಿದ ಮಗುವಿನ ಚಿತ್ರದಲ್ಲೂ ವಾಲುತ್ತವೆ. ದೂರದ ಹುಲ್ಲುಹಾಸಿನಿಂದ ನೇರಕ್ಕೆ ತೆಗೆದ ಫೋಟೊ ಆರಿಸಿ. ಬಾದಾಮಿಯ ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜನಾದರೆ, ಒಂದು ಬದಿಯಿಂದ ಬೆಳಕು ಬಿದ್ದು ನೆರಳು ಸ್ಪಷ್ಟ ಇರುವ ಫೋಟೊ ಬೇಕು. ಫ್ಲ್ಯಾಶ್ ಹಾಕಿ ತೆಗೆದದ್ದರಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ.

ಈಗ ನಮಗೆ ಎಲ್ಲಕ್ಕಿಂತ ಇಷ್ಟವಾದ ಪಾಠ. ಇದಕ್ಕೆ ಬೇಕಾದ ಮೂಲ ಮನೆಯ ಟ್ರಂಕಿನಲ್ಲೇ ಇರಬಹುದು: ಕಸೂತಿ ಹಾಕಿದ ಇಳಕಲ್ ಸೀರೆ. ಕಸೂತಿಯನ್ನು ಬಟ್ಟೆಯ ಮೇಲೆ ಮೊದಲು ಬರೆದುಕೊಂಡು ಹಾಕುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಕಂಪ್ಯೂಟರ್ ಚಿತ್ರವೂ ಚೌಕ ಎಣಿಸಿಯೇ ಆಗುವುದು. ಪಿಸ್ಕೆಲ್ ಎಂಬ ಸೈಟ್ ತೆರೆದರೆ 32ಕ್ಕೆ 32 ಚೌಕದ ಖಾಲಿ ಹಾಳೆ ಬರುತ್ತದೆ. ದುಡ್ಡು ಬೇಡ, ಬ್ರೌಸರ್‌ನಲ್ಲೇ ಓಡುತ್ತದೆ. ಫೋನಿನಲ್ಲಿ ಬೆರಳು ಚೌಕವನ್ನು ಮುಚ್ಚುತ್ತದೆ, ಲ್ಯಾಪ್‌ಟಾಪ್ ಮತ್ತು ಮೌಸ್ ಇರಲಿ.

ಮೊದಲು ಅಗಲವನ್ನು 32ರ ಬದಲು 33 ಮಾಡಿ. ಸಮಸಂಖ್ಯೆಯ ಅಗಲದಲ್ಲಿ ನಟ್ಟನಡುವಿನ ಸಾಲು ಎಂಬುದೇ ಇರುವುದಿಲ್ಲ. ಗೋಪುರದ ಕಳಸ ಒಂದು ಚೌಕದ ಬದಲು ಎರಡಾಗಿ ಕೂರುತ್ತದೆ, ಎಷ್ಟು ತಿದ್ದಿದರೂ ದಪ್ಪ. ಬಳಿಕ ಮಿರರ್ ಪೆನ್ ಆರಿಸಿದರೆ ಎಡಕ್ಕೆ ಹಾಕಿದ್ದು ಬಲಕ್ಕೂ ಬೀಳುತ್ತದೆ. ಗೋಪುರ, ತುಳಸಿಕಟ್ಟೆ, ತೇರು ಇವೆಲ್ಲ ಅರ್ಧ ಗಂಟೆಯ ಕೆಲಸ. ಮುಗಿದ ಮೇಲೆ ಎಕ್ಸ್‌ಪೋರ್ಟ್ ಮಾಡುವಾಗ ಸ್ಕೇಲ್ ಅನ್ನು ಕನಿಷ್ಠ ಹತ್ತುಪಟ್ಟು ಹಿಗ್ಗಿಸಿ, ಇಲ್ಲದಿದ್ದರೆ ಉಗುರಿನಷ್ಟು ಚಿತ್ರ ಉಳಿಯುತ್ತದೆ. ವಾಟ್ಸ್ಆಪ್‌ನಲ್ಲಿ ಅಜ್ಜಿಗೆ ಕಳಿಸುವುದಾದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಆಗಿ ಹೋದರೆ ಚೌಕದ ಅಂಚು ಮಸುಕಾಗುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಚೌಕ ತುಂಬುವ ಈ ವಿಧಾನ ಕಸೂತಿಯ ಮೆಂತೆ ಹೊಲಿಗೆಗೆ ಸರಿ, ಅದು ಗುಣಿಸುವ ಚಿಹ್ನೆಯಂತೆ ಒಂದೊಂದು ಚೌಕ ತುಂಬುತ್ತದೆ. ಕಸೂತಿಯ ಇನ್ನೆರಡು ಹೊಲಿಗೆಗಳಾದ ಗವಂತಿ (ಸಾಲು ಗೆರೆಯದ್ದು) ಮತ್ತು ಮುರ್ಗಿ (ಮೆಟ್ಟಿಲಿನಂಥದ್ದು) ಹಾಗಲ್ಲ. ಅವು ಚೌಕದೊಳಗೆ ಇರುವುದಿಲ್ಲ, ಚೌಕದ ಗೆರೆಯ ಮೇಲೆ ಇರುತ್ತವೆ. ಅದಕ್ಕೆ ಪಿಸ್ಕೆಲ್ ಬೇಡ, ಗಣಿತದ ಚೌಕದ ನೋಟ್‌ಬುಕ್ ಮತ್ತು ಎರಡು ಬಣ್ಣದ ಪೆನ್ ತೆಗೆದುಕೊಳ್ಳಿ. ಹನ್ನೆರಡು ಚೌಕ ಉದ್ದದ ಒಂದು ಅಡ್ಡ ಗೆರೆ ಆರಿಸಿ. ಹೋಗುವಾಗ ನೀಲಿಯಲ್ಲಿ 1, 3, 5, 7, 9, 11ನೇ ಚೌಕದ ಗೆರೆ. ತಿರುಗಿ ಬರುವಾಗ ಕೆಂಪಿನಲ್ಲಿ 12, 10, 8, 6, 4, 2. ಸೂಜಿ ನಡೆಯುವುದು ಹೀಗೇ: ಹೋಗುವಾಗ ಬಿಟ್ಟದ್ದನ್ನು ಬರುವಾಗ ತುಂಬುತ್ತದೆ. ಅದಕ್ಕೇ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಮುರ್ಗಿಯ ಮೆಟ್ಟಿಲು ಇನ್ನೂ ಚಂದ. ಮೆಟ್ಟಿಲಿನ ಅಡ್ಡ ಗೆರೆಗಳೆಲ್ಲ ನೀಲಿ, ನಿಂತ ಗೆರೆಗಳೆಲ್ಲ ಕೆಂಪು ಆಗಿಬಿಡುತ್ತವೆ. ಹನ್ನೊಂದು ವರ್ಷದವನಿಗೆ ಯಾಕೆ ಹಾಗಾಯಿತು ಎಂದು ಕೇಳಿ ಸುಮ್ಮನಿರಿ. ಕವಲು ಬಂದರೆ ಆ ಕವಲಿನ ತುದಿತನಕ ಹೋಗಿ, ಅಲ್ಲೇ ತಿರುಗಿ, ಬುಡಕ್ಕೆ ಬಂದು ಮುಂದೆ ಸಾಗಬೇಕು. ಮರೆತರೆ ಕವಲಿನಲ್ಲಿ ಖಾಲಿ ಉಳಿಯುತ್ತದೆ, ಸೂಜಿಗೆ ಮತ್ತೆ ಅಲ್ಲಿಗೆ ದಾರಿ ಇರುವುದಿಲ್ಲ.

ಕಸೂತಿಯ ಮಾದರಿಗಾಗಿ ಪಿಂಟರೆಸ್ಟ್ ಹುಡುಕುವವರು ಸ್ವಲ್ಪ ತಡೆಯಿರಿ. ಎಐ ತಯಾರಿಸಿದ ಚಿತ್ರಗಳು ಅಲ್ಲಿ ಬೇಕಾದಷ್ಟು ಸೇರಿವೆ. ಹಿಗ್ಗಿಸಿ ನೋಡಿ: ಗೆರೆಗಳು ಬಾಗಿದ್ದರೆ ಅದು ಎಣಿಕೆಯ ಕಸೂತಿ ಅಲ್ಲ. ಕಸೂತಿಯಲ್ಲಿ ಅಡ್ಡ, ನಿಂತ, ಓರೆ ಗೆರೆ ಮಾತ್ರ.

ಎಂಟು ವರ್ಷದವಳಿಗೆ ಕಂಪ್ಯೂಟರಿನಲ್ಲಿ ಬಣ್ಣದ ಆಟ ಬೇಕೆಂದರೆ ಟಕ್ಸ್ ಪೇಂಟ್ ಹಾಕಿಕೊಡಿ. ಉಚಿತ, ಜಾಹೀರಾತು ಇಲ್ಲ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ಸಿದ್ಧ ಚಿತ್ರದ ಮುದ್ರೆಗಳಿವೆ. ಮಕ್ಕಳು ಅವನ್ನೇ ಠಪ್ಪೆಂದು ಒತ್ತುತ್ತಾ ಕೂರುತ್ತಾರೆ. ಅದರ ಜೊತೆಯ ಕಾನ್ಫಿಗ್ ಪ್ರೋಗ್ರಾಮಿನಲ್ಲಿ ಮುದ್ರೆಗಳನ್ನು ಬಂದ್ ಮಾಡಬಹುದು, ಮೊದಲ ತಿಂಗಳು ಬಂದ್ ಇರಲಿ. ಗೂಗಲ್‌ನ ಕ್ವಿಕ್ ಡ್ರಾ, ಅಂದರೆ 20 ಸೆಕೆಂಡಿನಲ್ಲಿ ಬಿಡಿಸಿದ್ದನ್ನು ಕಂಪ್ಯೂಟರ್ ಗುರುತಿಸುವ ಆಟ, ಕೈ ಸಡಿಲಾಗಲು ಒಮ್ಮೆ ಸಾಕು. ಎಲ್ಲರೂ ಬಿಡಿಸುವಂಥ ಬೆಕ್ಕನ್ನು ಬಿಡಿಸಿದರೆ ಮಾತ್ರ ಅದು ಗೆಲ್ಲಿಸುತ್ತದೆ. ನಿಮ್ಮ ಓಣಿಯ ಬೆಕ್ಕಿಗೆ ಅಲ್ಲಿ ಬೆಲೆ ಇಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎತ್ತು ಮಾಡುತ್ತಾರಲ್ಲ, ಆ ವಾರ ಸ್ಟಾಪ್ ಮೋಷನ್ ಸ್ಟುಡಿಯೋ ಆಪ್ ಇಳಿಸಿಕೊಳ್ಳಿ. ಉಚಿತ ಆವೃತ್ತಿ ಸಾಕು. ಎತ್ತನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಒಂದೊಂದು ಫೋಟೊ. ಸೆಕೆಂಡಿಗೆ 5 ಫ್ರೇಮ್ ಇಟ್ಟರೆ ಹತ್ತು ಸೆಕೆಂಡಿನ ಚಿತ್ರಕ್ಕೆ 50 ಫೋಟೊ. ಸೆಕೆಂಡಿಗೆ 12 ಇಟ್ಟರೆ ನಡಿಗೆ ನಯವಾಗುತ್ತದೆ, ಆದರೆ 120 ಫೋಟೊ ಮುಗಿಯುವ ಮೊದಲೇ ಮಕ್ಕಳು ಎದ್ದು ಹೋಗುತ್ತಾರೆ. ಫೋನನ್ನು ಇಟ್ಟಿಗೆಗೆ ಆನಿಸಿ ರಬ್ಬರ್‌ಬ್ಯಾಂಡ್ ಬಿಗಿಯಿರಿ, ಕೈಯಲ್ಲಿ ಹಿಡಿದರೆ ಎತ್ತಿನ ಬದಲು ಮನೆಯೇ ನಡೆಯುತ್ತದೆ. ಬೆಳಕು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗಿ ಮಿನುಗಿದರೆ ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಕಿಟಕಿಯ ಬಿಸಿಲು ಸರಿಯುವುದರಿಂದ ಕಿಟಕಿ ಮುಚ್ಚಿ ಒಂದೇ ಬಲ್ಬಿನಲ್ಲಿ ತೆಗೆಯುವುದು ಮೇಲು. ಎರೆಮಣ್ಣಾದರೆ ಒಣಗುತ್ತಿದ್ದಂತೆ ಬಿರುಕು ಬಿಡುತ್ತದೆ, ಕಾಲು ಮುರಿಯುತ್ತದೆ. ಮೇಲೆ ಒದ್ದೆ ಬಟ್ಟೆ ಹೊದಿಸಿ, ಒಂದೇ ಕೂಟದಲ್ಲಿ ಮುಗಿಸಿ.

ಸಮಯದ ಲೆಕ್ಕ ಕೇಳುವವರಿಗೆ: ಐವತ್ತು ನಿಮಿಷ ಕೂತರೆ ಪರದೆಗೆ ಹತ್ತು, ಉಳಿದದ್ದು ಕಾಗದಕ್ಕೆ. ಬೇಕಾದ ಚಿತ್ರಗಳನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ, ಸಂಜೆ ಕರೆಂಟ್ ಹೋದರೂ ಪಾಠ ನಿಲ್ಲದಿರಲಿ. ಮೆಟ್‌ನ ಒಂದೆರಡು ಚಿತ್ರಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಎ4 ಅಳತೆಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದರೆ ಫೋನೂ ಬೇಕಾಗುವುದಿಲ್ಲ. ಮಕ್ಕಳ ಚಿತ್ರಗಳನ್ನು ನೀವು ಫೋಟೊ ತೆಗೆದಿಡುವುದಾದರೆ ಬಲ್ಬಿನ ಕೆಳಗೆ ಬೇಡ, ಹಾಳೆ ಹಳದಿಯಾಗುತ್ತದೆ. ಬೆಳಿಗ್ಗೆ ಕಿಟಕಿಯ ಪಕ್ಕ ನೆಲದ ಮೇಲಿಟ್ಟು, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಹಿಂದೆ ತಾರೀಖು ಬರೆದಿಡಿ. ಗುಂಪುಗಳಿಗೆ ಹಂಚುವಾಗ ಮಗುವಿನ ಹೆಸರು, ಶಾಲೆ, ಮುಖ ಬಾರದಂತೆ ಕತ್ತರಿಸಿ ಕಳಿಸಿ.