ಕಮೋಡಿನ ಕಲೆ ಕೊಳೆಯಲ್ಲ, ಕಲ್ಲು

ಬೋರ್‌ವೆಲ್ ನೀರು ಬಳಸುವ ಮನೆಗಳ ಕಮೋಡಿನಲ್ಲಿ, ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ ಒಂದು ಕಂದು ಉಂಗುರ ಕೂತಿರುತ್ತದೆ. ಉಜ್ಜಿ ಉಜ್ಜಿ ಸಾಕಾದವರು ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಉಂಗುರ ಬೆಳ್ಳಗಾಗುತ್ತದೆ, ಕೆಲವೇ ದಿನಕ್ಕೆ ಮತ್ತೆ ಕಂದು! ಬ್ಲೀಚ್ ತೆಗೆದದ್ದು ಬಣ್ಣವನ್ನು ಮಾತ್ರ. ಕೆಳಗಿನ ಕಲ್ಲು ಹಾಗೇ ಇದೆ, ಅದರ ಒರಟು ಮೈಗೆ ಹೊಸ ಕೊಳೆ ಹತ್ತಿದೆ.

ಹೌದು, ಅದು ಕಲ್ಲೇ. ನೆಲದೊಳಗೆ ಇಂಗುವ ಮಳೆನೀರು ಮಣ್ಣಿನ ಕಾರ್ಬನ್ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಬಂಡೆಯ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ. ಮೇಲೆ ಬಂದಾಗ ಆ ಅನಿಲ ಹಾರಿಹೋಗಿ ಸುಣ್ಣದ ಕಲ್ಲು ಮತ್ತೆ ಕಟ್ಟುತ್ತದೆ. ಗುಹೆಯ ಸೂರಿನಿಂದ ಕಲ್ಲಿನ ಬಿಳಲು ಇಳಿಯುವುದೂ ಹೀಗೆಯೇ, ಗೀಸರ್ ಕಾಯಿಲ್ ಮೇಲೆ ಬಿಳಿ ಚಿಪ್ಪು ಕೂರುವುದೂ ಹೆಚ್ಚುಕಡಿಮೆ ಹೀಗೆಯೇ. ಕಮೋಡಿನಲ್ಲಿ ಮೂತ್ರದ ಫಾಸ್ಫೇಟ್ ಕೂಡ ಸೇರಿಕೊಳ್ಳುತ್ತದೆ.

ಕಲ್ಲನ್ನು ಕರಗಿಸುವುದು ಹುಳಿ. ಮೊಟ್ಟೆಯ ಚಿಪ್ಪಿಗೆ ನಿಂಬೆರಸ ಹಿಂಡಿ ನೋಡಿ, ಗುಳ್ಳೆ ಏಳುತ್ತವೆ. ಚಿಪ್ಪೂ ಕಮೋಡಿನ ಉಂಗುರವೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಇನ್ನು ತುಕ್ಕಿನ ಕಲೆಯಿದ್ದರೆ ಬ್ಲೀಚ್ ತೊಂದರೆಯನ್ನೇ ಹೆಚ್ಚಿಸುತ್ತದೆ: ನೀರಿನಲ್ಲಿ ಕರಗಿದ್ದ ಕಬ್ಬಿಣವೂ ತುಕ್ಕಾಗಿ ಕೂರುತ್ತದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕಬ್ಬಿಣದ ಅಯಾನನ್ನು, ಅಂದರೆ ವಿದ್ಯುದಾವೇಶ ಹೊತ್ತ ಕಣವನ್ನು, ಗದ್ದೆಯ ಏಡಿ ಬೆರಳು ಹಿಡಿದಂತೆ ಎರಡೂ ಕಡೆಯಿಂದ ಕಚ್ಚುತ್ತದೆ. ಅಕ್ಕಸಾಲಿಗನ ಇಕ್ಕಳದಂತೆ ಎತ್ತಿ ನೀರಿಗೆ ಸೇರಿಸುತ್ತದೆ. ತುಕ್ಕಿನ ಕಲೆ ತೆಗೆಯಲು ಬಳಸುವ ಆಕ್ಸಾಲಿಕ್ ಆಮ್ಲದ ಹಿಡಿತವೂ ಇದೇ ಬಗೆಯದು, ಆದರೆ ಅದು ವಿಷ.

ನನಗೆ ಪ್ರಿಯವಾದ ಸಂಗತಿಯೊಂದಿದೆ. ನಿಂಬೆರಸದಿಂದ ಸಿಟ್ರಿಕ್ ಆಮ್ಲದ ಹರಳನ್ನು 1784ರಲ್ಲಿ ಬೇರ್ಪಡಿಸಿದವನು ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಶೀಲೆ. 1776ರಲ್ಲಿ ಮೂತ್ರಕೋಶದ ಕಲ್ಲಿನಲ್ಲಿ ಯೂರಿಕ್ ಆಮ್ಲ ಕಂಡವನೂ ಅವನೇ. ಬ್ಲೀಚಿಗೆ ಮೂಲವಾದ ಕ್ಲೋರಿನ್ ಅನಿಲವನ್ನು 1774ರಲ್ಲಿ ಮೊದಲು ತಯಾರಿಸಿದವನೂ ಅವನೇ! ಇದೇ ಕ್ಲೋರಿನ್ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್‌ನಲ್ಲಿ ಯುದ್ಧದ ಅಸ್ತ್ರವಾಯಿತು. ಬ್ಲೀಚಿಂಗ್ ಪೌಡರಿನ ಮೇಲೆ ಆ್ಯಸಿಡ್ (ನಿಂಬೆ ಉಪ್ಪಿನಂಥ ಹುಳಿಯೂ ಸೇರಿ) ಸುರಿದರೆ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಏಳುವುದೂ ಅದೇ ಅನಿಲ. "ಎರಡೂ ಹಾಕಿದರೆ ಬೇಗ ಹೋಗುತ್ತದೆ" ಎಂಬ ಮಾತು ಕೇಳಿದಾಗೆಲ್ಲ ನನಗೆ ಭಯವಾಗುತ್ತದೆ.

ವಿಡಿಯೋಗಳ ಅಡುಗೆ ಸೋಡಾ-ವಿನೆಗರ್ ಜೋಡಿಯೂ ಬೇಡ. ಬುರುಬುರು ನೊರೆ ನೋಡಲು ಚೆಂದ, ಆದರೆ ಅಲ್ಲಿ ಹುಳಿಯೂ ಕ್ಷಾರವೂ ಒಂದನ್ನೊಂದು ಮುಗಿಸಿಬಿಡುತ್ತವೆ, ಕಲ್ಲಿಗೆ ಏನೂ ಉಳಿಯುವುದಿಲ್ಲ.

ರಾತ್ರಿ ಮಗ್‌ನಿಂದ ನೀರು ತೋಡಿ ಮಟ್ಟ ಇಳಿಸಿ; ನೀರು ಬೆರೆತಷ್ಟೂ ಹುಳಿ ಸಪ್ಪೆ. ಕೈಗವಸು ಹಾಕಿಕೊಂಡು, ಅರ್ಧ ಬಟ್ಟಲು ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಟ್ಟೀತು. ಹಳೆ ಬಟ್ಟೆ ಅದ್ದಿ ಉಂಗುರದ ಮೇಲೆ ಅಂಟಿಸಿ, ಉಳಿದದ್ದನ್ನು ಸುರಿಯಿರಿ. ಬೆಳಗ್ಗೆ ಬಟ್ಟೆ ಎತ್ತಿಟ್ಟು ಬ್ರಷ್ ಹಾಕಿದರೆ ಮೆತ್ತಗಾದ ಕಲ್ಲು ಪದರ ಪದರವಾಗಿ ಏಳುತ್ತದೆ. ವರ್ಷಗಟ್ಟಲೆ ಕಟ್ಟಿದ್ದಾದರೆ ಮೂರು-ನಾಲ್ಕು ರಾತ್ರಿ ಬೇಕಾಗುತ್ತದೆ.